ಮೇಜಿನ ಮೇಲಿನ ಕೋಟೆಗಳು

ವಯಸ್ಸಾದವರು ಮಣ್ಣಿನಲ್ಲಿ ಆಡಬಾರದೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ಬರೆದಿದ್ದರೂ ಅದು ದೀಪಾವಳಿಯ ದಿನಗಳಿಗೆ ಅನ್ವಯಿಸಲಾರದು. ಅದರಲ್ಲಿಯೂ ಮಹಾರಾಷ್ಟ್ರದಲ್ಲಿ ನೆಲಸಿದವರಿಗೆ ಅನ್ವಯಿಸಲಾರದೆಂದು ನನ್ನ ವಾದ. ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗಲೇ ಇಲ್ಲಿಯ ಹುಡುಗರು ಅಂಗಳದ ಮೂಲೆಯಲ್ಲಿ ಕಲ್ಲು ಇಟ್ಟಿಗೆಗಳನ್ನು ರಾಶಿ ಹಾಕಿ, ಮೇಲೆ ಕೆಸರು ಬಳಿದು, 'ಕಿಲ್ಲಾ' ಕಟ್ಟುವುದನ್ನು ನೀವೆಲ್ಲರೂ ನೋಡಿದ್ದೀರಿ. ಪುಣೆ, ಸಾತಾರೆಗಳ ಕಡೆ ಈ ಪದ್ಧತಿ ಹೆಚ್ಚು, ನಮ್ಮ ಬೆಳಗಾವಿಯಲ್ಲಿಯೂ ಉಂಟು, ನಾಗಪುರದಲ್ಲಿಯೂ ಉಂಟು. ತುದಿಯಲ್ಲಿ ಶಿವಾಜಿ ಮಹಾರಾಜರನ್ನು ಸಿಂಹಾಸನದ ಮೇಲೆ ಕೂರಿಸಿ, ಮೆಟ್ಟಿಲುಗಳ ಮೇಲೆ ಮಣ್ಣಿನ ಮಾವಳೆ ಸೈನಿಕರನ್ನು ನಿಲ್ಲಿಸಿ, ಬುಡದಲ್ಲಿ ಒಂದು ಹಳ್ಳಿ, ಒಂದು ಬಾವಿ, ಒಂದು ಗುಹೆ, ಗುಹೆಯೊಳಗೆ ಒಂದು ಹುಲಿ. ಆ ಹುಲಿ ಸೈನಿಕನ ಎರಡರಷ್ಟು ಎತ್ತರವಿದ್ದರೂ ಯಾರೂ ತಕರಾರು ಮಾಡುವುದಿಲ್ಲ. ಹುಲಿಯಿಲ್ಲದೆ ಕಿಲ್ಲಾ ಇಲ್ಲ, ಅಷ್ಟೆ.

ಈ ಊರಿಗೆ ನಾನು ಬಂದು ನಲವತ್ತು ವರ್ಷ ಮೀರಿತು. ನನ್ನದು ಚಿತ್ರದುರ್ಗದ ಸೀಮೆ. ನಮ್ಮ ಮನೆಯಾಕೆಯದು ಧಾರವಾಡದ ಕಡೆ. ಕಿಲ್ಲಾ ಕಟ್ಟುವ ಹಬ್ಬ ನಮ್ಮಿಬ್ಬರ ಮನೆಯಲ್ಲಿಯೂ ಇರಲಿಲ್ಲ. ಆದರೆ ಕೈಗೆ ಈ ಕೆಲಸ ಪೂರ್ತಿ ಹೊಸದೂ ಆಗಿರಲಿಲ್ಲ. ಆಕೆಯ ತವರಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಮಣ್ಣು ತಂದು ಜೋಡೆತ್ತು ಮಾಡಿ, ಅವಕ್ಕೆ ಗೋದಲಿ ಕಟ್ಟಿ ಪೂಜಿಸುವುದಿತ್ತು. ಮೈಸೂರು ಸೀಮೆಯವರಿಗೆ ನವರಾತ್ರಿಯ ಗೊಂಬೆ ಹಬ್ಬವುಂಟು. ಹಂತದ ಮೇಲಿನ ಗೊಂಬೆಗಳು ಒಂದು ಕಡೆಯಾದರೆ, ಕೆಳಗೆ ತಟ್ಟೆಯಲ್ಲಿ ರಾಗಿ ಮೊಳೆಸಿ ಹೊಲ ಮಾಡುವುದು, ಕನ್ನಡಿಯಿಟ್ಟು ಕೆರೆ ಮಾಡುವುದು, ಕೆರೆಯ ದಡದಲ್ಲಿ ಬಾತುಕೋಳಿ ನಿಲ್ಲಿಸುವುದು ಇನ್ನೊಂದು ಕಡೆ. ಮಕ್ಕಳು ನೋಡುವುದು ಈ ಎರಡನೆಯದನ್ನೇ. ನಾಗಪುರದವರಿಗೂ ಪೋಳಾದ ಮರುದಿನ 'ತಾನ್ಹಾ ಪೋಳಾ' ಇದೆಯಷ್ಟೆ. ಭೋಸಲೆಯವರ ಕಾಲದಿಂದ ಬಂದದ್ದೆಂದು ಹೇಳುವ ಈ ಹಬ್ಬದಲ್ಲಿ ಮಕ್ಕಳು ಮರದ ಎತ್ತುಗಳನ್ನು ಎಳೆದುಕೊಂಡು ಮನೆಮನೆಗೆ ಹೋಗುತ್ತಾರೆ. ದೊಡ್ಡ ಲೋಕವನ್ನು ಚಿಕ್ಕದು ಮಾಡಿ ಮುಂದಿಟ್ಟುಕೊಳ್ಳುವ ಆಸೆ ಎಲ್ಲ ಸೀಮೆಯ ಮನುಷ್ಯರಿಗೂ ಒಂದೇ ಎಂದು ತೋರುತ್ತದೆ.

ಮೊಮ್ಮಗ ಕಿಲ್ಲಾ ಬೇಕೆಂದು ಹಟ ಹಿಡಿದ ವರ್ಷ ನಾವು ಕೆಲಸ ಹಿಡಿದೆವು. ಮೊದಲ ಪಾಠ ಮಣ್ಣಿನದು. ನಾಗಪುರದ ಮಣ್ಣು ಕರಿಯ ಎರೆಮಣ್ಣು. ಹತ್ತಿಗೆ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಕೋಟೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬೆರಳು ತೂರುವಷ್ಟು ಬಿರಿಯುತ್ತದೆ. ನೆರೆಮನೆಯ ಮರಾಠಿ ಅಜ್ಜಿ ಇದನ್ನು ಮೊದಲೇ ಹೇಳಿ ಉಪಾಯವನ್ನೂ ಕಲಿಸಿದರು. ಎರೆಮಣ್ಣಿಗೆ ಅದರಷ್ಟೇ ಗರಸು ಸೇರಿಸಬೇಕು. ಇಲ್ಲಿ ಅದನ್ನು ಮುರುಮ್ ಎನ್ನುತ್ತಾರೆ. ಮೇಲೆ ಸ್ವಲ್ಪ ಸಗಣಿ, ಒಂದು ಹಿಡಿ ಹೊಟ್ಟು. ಗರಸು ಮಣ್ಣು ಕುಗ್ಗುವುದನ್ನು ತಡೆಯುತ್ತದೆ, ಹೊಟ್ಟು ನಾರಿನಂತೆ ಹಿಡಿದು ಬಿರುಕು ಹಬ್ಬದಂತೆ ನಿಲ್ಲಿಸುತ್ತದೆ. ಬೆಟ್ಟವನ್ನೆಲ್ಲ ಮಣ್ಣಿನಿಂದಲೇ ಮಾಡುವ ಅಗತ್ಯವೂ ಇಲ್ಲ. ಒಳಗೆ ಇಟ್ಟಿಗೆಯ ರಾಶಿ. ಅದರ ಮೇಲೆ ಹಳೆಯ ಗೋಣಿತಾಟನ್ನು ತೆಳ್ಳನೆಯ ಕೆಸರಿನಲ್ಲಿ ಅದ್ದಿ ಹೊದಿಸಿದರೆ ಸಾಕು. ಗೋಣಿ ತಾನೇ ಮಡಿಕೆ ಬಿದ್ದು ಕಣಿವೆ, ಕೋಡುಗಲ್ಲು, ಇಳಿಜಾರುಗಳನ್ನು ಮಾಡಿಕೊಡುತ್ತದೆ. ನಮ್ಮ ಕೈಗೆ ಅಷ್ಟು ಸಹಜವಾಗಿ ಮಾಡಲು ಬರುವುದಿಲ್ಲ. ಒದ್ದೆಯಿರುವಾಗಲೇ ಸಾಸಿವೆ, ಆಳ್ವಿ ಬೀಜ ಚೆಲ್ಲಿ ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ನಾಲ್ಕೈದು ದಿನಕ್ಕೆ ಬೆಟ್ಟವೆಲ್ಲ ಹಸಿರು.

ಇದು ಅಂಗಳದ ಕಿಲ್ಲಾ. ಇದು ನೋಡುವುದಕ್ಕೆ, ತುಳಸಿಯ ಲಗ್ನದ ಹೊತ್ತಿಗೆ ಇದರ ಆಯುಸ್ಸು ಮುಗಿಯುತ್ತದೆ. ಹುಡುಗರು ದೊಡ್ಡವರಾಗುತ್ತ ಬಂದಂತೆ ಅವರಿಗೆ ನೋಡುವುದಷ್ಟೇ ಸಾಲದಾಯಿತು, ಆಡಬೇಕೆನಿಸಿತು. ನೆರೆಮನೆಯ ಅಜ್ಜಿಯ ಮೊಮ್ಮಗ ತನ್ನ ಸೋದರಮಾವನಿಂದ ಒಂದು ಡಬ್ಬಿಯ ತುಂಬ ಅಂಗುಲದೆತ್ತರದ ಸೈನಿಕರನ್ನು ಸಂಪಾದಿಸಿದ. ಅವರನ್ನು ಎರಡು ದಂಡಾಗಿ ಮಾಡಿ, ಗೇಣಿನಿಂದ ನಡಿಗೆ ಅಳೆದು, ದಾಳ ಉರುಳಿಸಿ ಹೊಡೆತ ನಿರ್ಣಯಿಸಿ ಕಾದಾಡುವ ಆಟ. ಅದಕ್ಕೆ ಬೇಕಾದದ್ದು ಮಳೆಗಾಲದಲ್ಲಿಯೂ ಕರಗದ, ಎತ್ತಿ ಮಂಚದ ಕೆಳಗಿಡಬಹುದಾದ ನೆಲ. ಹೀಗೆ ನಮ್ಮ ಕೋಟೆ ಅಂಗಳದಿಂದ ಮೇಜಿನ ಮೇಲೆ ಏರಿತು.

ಈ ಆಟ ಹುಡುಗಾಟವೆಂದು ನಗುವವರಿಗೆ ಒಂದು ಮಾತು ಹೇಳುತ್ತೇನೆ. ನಮ್ಮ ಚದುರಂಗದಲ್ಲಿ ಆನೆ, ಕುದುರೆ, ಕಾಲಾಳು ಎಲ್ಲವೂ ಉಂಟು. ಇಲ್ಲದ್ದು ನೆಲ ಒಂದೇ. ಅರವತ್ತನಾಲ್ಕು ಮನೆಗಳೂ ಒಂದೇ ಮಟ್ಟ. ಬೆಟ್ಟವಿಲ್ಲ, ಹಳ್ಳವಿಲ್ಲ, ಕೆಸರಿಲ್ಲ. ಆದ್ದರಿಂದ ಚದುರಂಗದಲ್ಲಿ ಪಳಗಿದವನು ಯುದ್ಧದಲ್ಲಿ ಪಳಗಿದನೆಂದು ಹೇಳಲಾಗದು. ಈ ಕೊರತೆಯನ್ನು ಕಂಡವನು ಪ್ರಶ್ಯ ದೇಶದ ರೈಸ್ವಿಟ್ಸ್ ಎಂಬ ಗೃಹಸ್ಥ. ಅವನು ಮೊದಲು ಒದ್ದೆ ಮರಳಿನಲ್ಲಿ ಬೆಟ್ಟ, ನದಿ, ಊರುಗಳನ್ನು ಮಾಡಿ ಆಡಿಸಿದ. ರಾಜನಿಗೆ ತೋರಿಸುವ ಪ್ರಸಂಗ ಬಂದಾಗ ಮರಳು ಮರ್ಯಾದೆಯಲ್ಲವೆಂದು, ಬೇಕಾದಂತೆ ಜೋಡಿಸಬಹುದಾದ ಬಿಲ್ಲೆಗಳಲ್ಲಿ ನೆಲವನ್ನು ಮೂಡಿಸಿ, ಅವನ್ನಿಡಲು ಒಂದು ದೊಡ್ಡ ಮೇಜು ಮಾಡಿಸಿ ೧೮೧೨ರಲ್ಲಿ ಒಪ್ಪಿಸಿದ. ಅವನ ಮಗ ೧೮೨೪ರಲ್ಲಿ ಅದನ್ನು ನಕ್ಷೆಯ ಮೇಲೆ ಆಡುವಂತೆ ತಿದ್ದಿದ ಮೇಲೆ ಪ್ರಶ್ಯದ ಸೇನೆ ಅದನ್ನು ಅಧಿಕಾರಿಗಳ ಪಾಠಕ್ಕೆ ಬಳಸಿತು. ಇಂದಿಗೂ ನಮ್ಮ ಸೇನೆಯಲ್ಲಿ ಮರಳಿನ ಮೇಲೆ ನೆಲದ ಮಾದರಿ ಮಾಡಿ ಕಾರ್ಯಕ್ರಮ ವಿವರಿಸುವ ರೂಢಿಯಿದೆ. ನಮ್ಮ ಬೀದಿಯ ಕೊನೆಯ ಮನೆಯ, ಕಾಮಠಿಯ ಛಾವಣಿಯಲ್ಲಿದ್ದು ನಿವೃತ್ತರಾದ ಸುಬೇದಾರರು ನಮ್ಮ ಮೇಜನ್ನು ನೋಡಿದೊಡನೆ ಚಪ್ಪಲಿ ಬಿಟ್ಟು ಒಳಗೆ ಬಂದದ್ದು ಇದೇ ಕಾರಣಕ್ಕೆ.

ಮನೆಯ ಮಕ್ಕಳಿಗೆ ಈ ಆಟವನ್ನು ಇಳಿಸಿದವನು ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್. ೧೯೧೩ರಲ್ಲಿ ಅವನು 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಬರೆದು, ಸೀಸದ ಸೈನಿಕರು, ಮರದ ತುಂಡು ಹಾರಿಸುವ ಆಟದ ತೋಪು, ಮರದ ಇಟ್ಟಿಗೆಗಳ ಮನೆ ಇವುಗಳಿಂದ ಕದನ ಹೂಡುವ ನಿಯಮಗಳನ್ನು ಕೊಟ್ಟ. ನಿಜವಾದ ಯುದ್ಧಕ್ಕಿಂತ ಈ ಆಟ ಎಷ್ಟೋ ಮೇಲು ಎಂಬುದೇ ಆ ಪುಸ್ತಕದ ಕೊನೆಯ ವಾದ. ಲೋಕ ಕೇಳಲಿಲ್ಲ; ಮರುವರ್ಷವೇ ಮಹಾಯುದ್ಧ ಹತ್ತಿತು. ಅವನ ನಿಯಮಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಆಡುವ ಇಬ್ಬರಲ್ಲಿ ಒಬ್ಬನು ನೆಲವನ್ನು ಜೋಡಿಸಬೇಕು. ಯಾವ ಪಕ್ಕದಿಂದ ಆಡುವುದೆಂದು ಆರಿಸುವ ಹಕ್ಕು ಇನ್ನೊಬ್ಬನದು. ಬೆಲ್ಲದಚ್ಚನ್ನು ಒಬ್ಬ ಒಡೆದರೆ ಮೊದಲ ಹೋಳು ಇನ್ನೊಬ್ಬ ತೆಗೆದುಕೊಳ್ಳುವ ನಮ್ಮ ಮನೆಗಳ ನ್ಯಾಯವೇ ಇದು. ಒಂದು ಪಕ್ಕಕ್ಕೆ ಮಾತ್ರ ಬೆಟ್ಟ ಕಟ್ಟಿದರೆ ಆ ಬೆಟ್ಟ ಎದುರಾಳಿಗೆ ಹೋದೀತು. ಆದ್ದರಿಂದ ಕಟ್ಟುವವನು ಎರಡೂ ಪಕ್ಕ ಹೋಗಿ ನಿಂತು, ಬಗ್ಗಿ, ಸೈನಿಕನ ಕಣ್ಣಿನ ಮಟ್ಟದಿಂದ ನೋಡಿಯೇ ಕಟ್ಟಬೇಕಾಗುತ್ತದೆ. ಈ ನಿಯಮವನ್ನು ನಮ್ಮ ಮನೆಯಲ್ಲಿ ಮೊದಲ ದಿನವೇ ಜಾರಿಗೆ ತಂದೆ. ಅದು ಮುಂದೆ ಯಾವ ಕೆಲಸಕ್ಕೆ ಬಂತೆಂಬುದನ್ನು ಹೇಳುವೆ.

ಅದಕ್ಕೆ ಮೊದಲು ಅಳತೆಯ ವಿಷಯ. ಮನುಷ್ಯ ಐದೂವರೆ ಅಡಿ, ನಮ್ಮ ಸೈನಿಕ ಒಂದಂಗುಲ ಚಿಲ್ಲರೆ. ಎಂದರೆ ಸುಮಾರು ಅರವತ್ತಕ್ಕೆ ಒಂದು. ಹದಿನೈದಡಿಯ ಹೆಬ್ಬಾಗಿಲು ಮೂರಂಗುಲವಾಗುತ್ತದೆ, ಸರಿ. ಮುನ್ನೂರಡಿಯ ಬೆಟ್ಟ? ಐದಡಿ! ಅದು ಮೇಜಿನ ಮೇಲೆ ನಿಂತರೆ ಫ್ಯಾನಿಗೆ ತಗುಲೀತು. ಆದ್ದರಿಂದ ಎರಡು ಅಳತೆ ಇಟ್ಟುಕೊಳ್ಳಬೇಕು. ಸೈನಿಕನ ಮೈ ಮುಟ್ಟುವ ವಸ್ತುಗಳು, ಎಂದರೆ ಬಾಗಿಲು, ಮೆಟ್ಟಿಲು, ಎದೆಮಟ್ಟದ ಗೋಡೆ, ಸೈನಿಕನ ಅಳತೆಯಲ್ಲಿ. ಕಣ್ಣು ಮಾತ್ರ ಮುಟ್ಟುವ ಬೆಟ್ಟ, ಕೆರೆ, ಕಾಡುಗಳು ಎಷ್ಟು ಕುಗ್ಗಿಸಿದರೂ ನಡೆಯುತ್ತದೆ. ಇಳಿಜಾರು ಬಹಳ ಕಡಿದಾದರೆ ಸೈನಿಕ ಜಾರಿ ಬೀಳುತ್ತಾನೆ. ಅಲ್ಲಲ್ಲಿ ಅವನ ಪಾದಪೀಠ ಕೂರುವಷ್ಟು ಮಟ್ಟಸ ಜಾಗ ಬಿಡಬೇಕು. ನೋಡುವ ಬೆಟ್ಟಕ್ಕೂ ಆಡುವ ಬೆಟ್ಟಕ್ಕೂ ಇರುವ ವ್ಯತ್ಯಾಸ ಇಷ್ಟೆ.

ಸಾಮಾನುಗಳಿಗೆ ಹೆಚ್ಚು ಖರ್ಚಿಲ್ಲ. ಮೊದಲು ಎಲ್ಲರಂತೆ ನಾವೂ ಥರ್ಮೋಕೋಲಿನ ಹಾಳೆಗಳತ್ತ ಕಣ್ಣು ಹಾಕಿದ್ದೆವು. ೨೦೧೮ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮೋಕೋಲಿನ ಅಲಂಕಾರವನ್ನು ನಿಷೇಧಿಸಿದ ಮೇಲೆ ಆ ಆಸೆ ಬಿಟ್ಟು ರಟ್ಟಿಗೆ ಬಂದೆವು. ಹಾಗಾದದ್ದು ಒಳ್ಳೆಯದೇ. ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಒಂದರ ಮೇಲೊಂದು ಚಿಕ್ಕದು ಮಾಡುತ್ತ ಅಂಟಿಸಿ, ಮೇಲೆ ಹಳೆಯ ಪತ್ರಿಕೆಯನ್ನು ಗಂಜಿಯಲ್ಲಿ ಅದ್ದಿ ಹೊದಿಸಿದರೆ ಬೆಟ್ಟ. ಸಂತ್ರಾದ ಮರದ ಪೆಟ್ಟಿಗೆಯ ಹಲಗೆಗಳಿಂದ ಸೇತುವೆ, ಬಾಗಿಲು; ಅದರೊಳಗಿನ ಒಣಹುಲ್ಲಿನಿಂದ ಗುಡಿಸಲಿನ ಸೂರು. ಒಣಗಿದ ಹೀರೆಯ ನಾರನ್ನು ಕತ್ತರಿಸಿ ಹಸಿರು ಬಣ್ಣದಲ್ಲಿ ಅದ್ದಿದರೆ ಪೊದೆ. ಮರಗೆಲಸದವನ ಅಂಗಡಿಯ ಹೊಟ್ಟಿಗೆ ರಂಗೋಲಿಯ ಬಣ್ಣ ಕಲಸಿದರೆ ಹುಲ್ಲುಗಾವಲು. ಹಳೆಯ ನಾರಿನ ಕಾಲೊರಸನ್ನು ಚೌಕವಾಗಿ ಕತ್ತರಿಸಿದರೆ ಕೊಯ್ಲಿಗೆ ಬಂದ ಜೋಳದ ಹೊಲ. ಚಹಾ ಸೋಸಿದ ಚರಟವನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಅಂಟಿನ ಮೇಲೆ ಉದುರಿಸಿದರೆ ಸಾಕ್ಷಾತ್ ನಾಗಪುರದ ಎರೆಮಣ್ಣು. ಚಹಾದ ಚರಟ ಗುಲಾಬಿ ಗಿಡಕ್ಕೆ ಸೇರಬೇಕೆಂದು ನಮ್ಮ ಮನೆಯಾಕೆ, ಹೊಲಕ್ಕೆ ಸೇರಬೇಕೆಂದು ಹುಡುಗರು. ಕೊನೆಗೆ ಬೆಳಗಿನದು ಗುಲಾಬಿಗೆ, ಸಂಜೆಯದು ಹೊಲಕ್ಕೆ ಎಂದು ಒಡಂಬಡಿಕೆಯಾಯಿತು.

ಕಲ್ಲಿನ ಮಾತಿಗೆ ಬಂದರೆ, ಬೆಟ್ಟವೆಂದರೆ ಎಲ್ಲ ಕಡೆಯೂ ಒಂದೇ ಬಗೆಯ ಬೆಟ್ಟವಲ್ಲ. ಸಹ್ಯಾದ್ರಿಯ ಕೋಟೆಗಳು ನಿಂತಿರುವುದು ಕರಿಯ ಬಸಾಲ್ಟ್ ಕಲ್ಲಿನ ಮೇಲೆ. ಪುರಾತನ ಕಾಲದಲ್ಲಿ ಲಾವಾರಸ ಪದರಪದರವಾಗಿ ಹರಿದು ಗಟ್ಟಿಯಾದದ್ದು. ಆದ್ದರಿಂದ ತಲೆ ಚಪ್ಪಟೆ, ಪಕ್ಕ ಕಡಿದು, ಮೈಯೆಲ್ಲ ಮೆಟ್ಟಿಲು ಮೆಟ್ಟಿಲು. ಭೂಗರ್ಭ ಶಾಸ್ತ್ರಜ್ಞರು ಇದಕ್ಕೆ ಇಟ್ಟ 'ಟ್ರ್ಯಾಪ್' ಎಂಬ ಹೆಸರೇ ಸ್ವೀಡನ್ನಿನ ಭಾಷೆಯ ಮೆಟ್ಟಿಲು ಎಂಬ ಮಾತಿನಿಂದ ಬಂದದ್ದು. ಆ ಶಿಲೆಯ ಪೂರ್ವದ ಅಂಚಿನಲ್ಲಿಯೇ ನಮ್ಮ ನಾಗಪುರ ಕುಳಿತಿದೆ; ಆ ಕಲ್ಲೇ ಸವೆದು ಈ ಎರೆಮಣ್ಣಾದದ್ದು. ನಮ್ಮ ದುರ್ಗದ ಬೆಟ್ಟಗಳೋ ಬೇರೆ ಜಾತಿ. ಅಲ್ಲಿ ಪದರವಿಲ್ಲ, ದೈತ್ಯರ ಮಕ್ಕಳು ಆಡಿ ಬಿಟ್ಟುಹೋದ ಗೋಲಿಗಳಂತೆ ಬಂಡೆಯ ಮೇಲೆ ಬಂಡೆ. ಮರಾಠರ ಕೋಟೆಗೆ ರಟ್ಟಿನ ಪದರಗಳು ಸರಿ; ದುರ್ಗಕ್ಕೆ ಆ ಉಪಾಯ ನಡೆಯುವುದಿಲ್ಲ. ಅದಕ್ಕೆಂದು ಕನ್ಹಾನ್ ನದಿಯ ದಡಕ್ಕೆ ಹೋಗಿ ನುಣುಪಾದ ಉರುಟುಗಲ್ಲುಗಳನ್ನು ಚೀಲ ತುಂಬ ಆರಿಸಿ ತಂದೆವು. ೨೦೨೫ರ ಜುಲೈಯಲ್ಲಿ ಯುನೆಸ್ಕೊ ಸಂಸ್ಥೆ ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಷ್ಟೆ. ಅವುಗಳಲ್ಲಿ ಹನ್ನೊಂದು ಮಹಾರಾಷ್ಟ್ರದವು. ಹನ್ನೆರಡನೆಯದು ತಮಿಳುನಾಡಿನ ಜಿಂಜಿ. ಜಿಂಜಿಯ ಚಿತ್ರ ನೋಡಿ ಮೊಮ್ಮಗಳು, "ಅಜ್ಜ, ಇದು ನಮ್ಮ ದುರ್ಗದ ಜಾತಿ" ಎಂದಳು. ಕಲ್ಲು ಆರಿಸಿದ ಕೈಗೆ ಕಲ್ಲಿನ ಗುರುತು ಸಿಕ್ಕಿತ್ತು.

ದುರ್ಗ ಕಟ್ಟಿದ್ದು ಅವಳಿಗಾಗಿಯೇ. ಏಳು ಸುತ್ತಿನ ಕೋಟೆಯನ್ನು ಆರಡಿಯ ಮೇಜಿನ ಮೇಲೆ ಕೂರಿಸಲಾಗದು. ಮೂರು ಸುತ್ತಿಗೆ ಇಳಿಸಿದೆವು. ಆದರೆ ಎರಡು ಉರುಟುಗಲ್ಲುಗಳ ನಡುವೆ ಒಬ್ಬ ಸೈನಿಕ ಮಾತ್ರ ತೂರುವಷ್ಟು ಸಂದನ್ನು ಬಿಡಲು ಮರೆಯಲಿಲ್ಲ. ಓಬವ್ವನ ಕತೆಯನ್ನು ಅವಳಿಗೆ ಎಷ್ಟೋ ಸಲ ಹೇಳಿದ್ದೆ: ಗಂಡ ಊಟಕ್ಕೆ ಬಂದ ಹೊತ್ತು, ಕಿಂಡಿಯಲ್ಲಿ ನುಸುಳುವ ಹೈದರನ ಸೈನಿಕರು, ಒನಕೆ. ಅವಳು ಕೇಳಿ ತಲೆಯಾಡಿಸಿದ್ದಳು, ಅಷ್ಟೆ. ಮೇಜಿನ ಮೇಲೆ ಆಡಿದಾಗ ಆ ಕತೆ ಬೇರೆಯಾಯಿತು. ನಮ್ಮ ನಿಯಮ ಸರಳ: ಬಯಲಿನಲ್ಲಿ ಒಂದು ಗೇಣು ನಡಿಗೆ, ಏರಿನಲ್ಲಿ ಅರ್ಧ ಗೇಣು, ಕಿಂಡಿಯಲ್ಲಿ ಒಂದು ಸರದಿಗೆ ಒಬ್ಬನೇ. ಅಣ್ಣನ ಕಡೆ ನಲವತ್ತು ಜನ; ಕಿಂಡಿಯ ಒಳಗೆ ಇವಳ ಗೊಂಬೆ ಒಂದೇ. ನಲವತ್ತು ಜನವಿದ್ದರೂ ಕಿಂಡಿಯ ಬಾಯಲ್ಲಿ ಅವರು ಒಬ್ಬೊಬ್ಬರೇ. ಐದಾರು ಸರದಿ ಕಳೆಯುವಷ್ಟರಲ್ಲಿ ಅವಳು ತಲೆಯೆತ್ತಿ, "ಅಂದರೆ ಅವಳು ಬಹಳ ಶಕ್ತಿವಂತಳಿದ್ದಳು ಅಂತಲ್ಲ ಅಜ್ಜ, ಸರಿಯಾದ ಜಾಗದಲ್ಲಿ ನಿಂತಿದ್ದಳು" ಎಂದಳು. ನಾನು ಅರವತ್ತು ವರ್ಷ ಆ ಕತೆ ಕೇಳಿಯೂ ಹೇಳಿಯೂ ಈ ಮಾತನ್ನು ಕಂಡಿರಲಿಲ್ಲ.

ಇನ್ನೊಂದು ಲಾಭವೂ ಆಯಿತು. ಈ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಮರಾಠಿ. ಕನ್ನಡ ಊಟದ ತಟ್ಟೆಯ ಸುತ್ತ ಮಾತ್ರ. ಅನ್ನ, ಸಾರು, ಸಾಕು, ಬೇಡ ಎಂಬಷ್ಟರಲ್ಲಿ ಅದು ನಿಂತುಬಿಡುವ ಭಯ ನಿಮ್ಮ ಮನೆಗಳಲ್ಲಿಯೂ ಇರಬೇಕು. ಕೋಟೆ ಕಟ್ಟುವಾಗ ಮಾತು ತಾನಾಗಿ ಬಂತು: ಹೆಬ್ಬಾಗಿಲು, ದಿಡ್ಡಿ, ಕೊತ್ತಲ, ಬತೇರಿ, ಕಂದಕ, ತೆನೆ, ಹೊಂಡ. ಕೂತು ಕಲಿಸಿದ್ದರೆ ಆಕಳಿಸುತ್ತಿದ್ದರು. "ಆ ತೆನೆ ಮುರಿಯಿತು, ಅಂಟು ಕೊಡು" ಎನ್ನುವಾಗ ಅದು ಪಾಠವೆಂದು ಯಾರಿಗೂ ಅನಿಸುವುದಿಲ್ಲ. ನೆರೆಮನೆಯ ಹುಡುಗನೂ ಕಲಿತ. 'ಬುರುಜು' ಎಂದೊಡನೆ ಅದು ತಮ್ಮ ಮರಾಠಿಯ ಮಾತೆಂದು ಅವನು ಹಿಡಿದ, ನಮ್ಮದೆಂದು ಇವನು. ಅದು ಅರಬ್ಬಿಯಿಂದ ಇಬ್ಬರ ಮನೆಗೂ ಬಂದ ಅತಿಥಿಯೆಂದು ಹೇಳಿ ಬಿಡಿಸಿದೆ.

ಈ ಊರಿನ ನೆಲವನ್ನೂ ಮೇಜಿಗೆ ತರಬೇಕಷ್ಟೆ? ರೈಲ್ವೆ ನಿಲ್ದಾಣದ ಬಳಿ ಟೇಕಡಿ ಗಣಪತಿಗೆ ನಾವೆಲ್ಲ ಹೋಗುತ್ತೇವೆ. ಆ ಸೀತಾಬರ್ಡಿಯ ಗುಡ್ಡಗಳ ಮೇಲೆ ೧೮೧೭ರ ನವೆಂಬರ್ ೨೬ರ ಸಂಜೆ ಹತ್ತಿ ಮರುದಿನದವರೆಗೆ ನಡೆದ ಕಾಳಗವೇ ನಾಗಪುರದ ರಾಜ್ಯದ ಹಣೆಬರಹವನ್ನು ತಿದ್ದಿತು. ಒಂದು ದೊಡ್ಡ ಗುಡ್ಡ, ಒಂದು ಚಿಕ್ಕದು. ಒಂದರಿಂದ ಇನ್ನೊಂದಕ್ಕೆ ಗುಂಡು ತಲುಪುವಷ್ಟು ಹತ್ತಿರ. ಮೇಲೆ ಕಂಪನಿಯ ಸುಮಾರು ೧,೩೦೦ ಜನ. ಕೆಳಗೆ ಅಪ್ಪಾಸಾಹೇಬ ಭೋಸಲೆಯ ಸುಮಾರು ೧೮,೦೦೦. ಬೆಳಿಗ್ಗೆ ಭೋಸಲೆಯ ಕಡೆಯ ಅರಬ್ಬರು ಚಿಕ್ಕ ಗುಡ್ಡವನ್ನು ಹಿಡಿದರು. ಅಲ್ಲಿಂದ ದೊಡ್ಡ ಗುಡ್ಡದ ಮೇಲೆ ಗುಂಡಿನ ಮಳೆ. ಅಷ್ಟರಲ್ಲಿ ಚಿಕ್ಕ ಗುಡ್ಡದ ಮೇಲೆ ಮದ್ದಿನ ಬಂಡಿಯೊಂದು ಸಿಡಿದು ಗಲಿಬಿಲಿಯಾಯಿತು; ಕಂಪನಿಯವರು ನುಗ್ಗಿ ಅದನ್ನು ಮರಳಿ ಹಿಡಿದರು. ಮೇಜಿನ ಮೇಲೆ ಕಟ್ಟಿ ನೋಡಿದರೆ ಚಿಕ್ಕ ಗುಡ್ಡದ ಬೆಲೆ ತಿಳಿಯುತ್ತದೆ. ಅದನ್ನು ಒಂದಂಗುಲ ತಗ್ಗಿಸಿದರೂ, ಒಂದು ಗೇಣು ದೂರ ಇಟ್ಟರೂ ಆಟದ ಫಲವೇ ಬೇರೆಯಾಗುತ್ತದೆ. ಹುಡುಗರು ಕೇಳಿದ ಪ್ರಶ್ನೆ ಮಾತ್ರ ಗುಡ್ಡದ್ದಲ್ಲ. "ಅಜ್ಜ, ಇದರಲ್ಲಿ ನಮ್ಮವರು ಯಾರು?" ಏನು ಹೇಳಲಿ? ಗುಡ್ಡದ ಮೇಲೆ ಇಂಗ್ಲಿಷರ ಬಾವುಟದ ಕೆಳಗೆ ನಿಂತು ಪ್ರಾಣ ಕೊಟ್ಟವರಲ್ಲಿ ಬಹಳ ಮಂದಿ ಮದರಾಸಿನ ಪಲ್ಟಣದ ದಕ್ಷಿಣದ ಸಿಪಾಯಿಗಳು. ನಾಗಪುರದ ರಾಜನಿಗಾಗಿ ಮುಂದೆ ನಿಂತು ಕಾದಿದವರಲ್ಲಿ ಸಮುದ್ರದಾಚೆಯ ಅರಬ್ಬರು. ಬಂಟರನ್ನು ಎರಡು ಬಣ್ಣ ಹಚ್ಚಿ ಬೇರೆ ಮಾಡಿದಷ್ಟು ಸುಲಭವಾಗಿ ನಿಜವಾದ ಗುಡ್ಡದ ಮೇಲೆ ಜನರನ್ನು ಬೇರೆ ಮಾಡಲು ಬರುವುದಿಲ್ಲ.

ಈ ಮಾತು ೨೦೨೨ರ ಡಿಸೆಂಬರಿನಲ್ಲಿ ನಮ್ಮ ಮನೆಯೊಳಗೇ ಬಂತು. ಗಡಿಯ ವಿಷಯವಾಗಿ ಡಿಸೆಂಬರ್ ೨೨ರಂದು ಬೆಳಗಾವಿಯಲ್ಲಿ ಕರ್ನಾಟಕದ ಶಾಸಕಾಂಗ ನಿರ್ಣಯ ಮಾಡಿತು. ೨೭ರಂದು ಇಲ್ಲಿ ನಾಗಪುರದಲ್ಲಿ ಮಹಾರಾಷ್ಟ್ರದ ಶಾಸಕಾಂಗ ಅದಕ್ಕೆ ಎದುರಾದ ನಿರ್ಣಯ ಮಾಡಿತು. ಪತ್ರಿಕೆಗಳ ತುಂಬ ಅದೇ. ಎರಡು ಮನೆಗಳ ದೊಡ್ಡವರು ಆ ಮಾತೆತ್ತದೆ ನಾಜೂಕಾಗಿ ನಡೆದುಕೊಂಡೆವು. ಹುಡುಗರಿಗೆ ಆ ನಾಜೂಕು ಎಲ್ಲಿಂದ ಬರಬೇಕು? ಇಬ್ಬರೂ ಶಾಲೆಯಲ್ಲಿ ಕೇಳಿಬಂದ ಮಾತುಗಳನ್ನು ಒಬ್ಬರ ಮೇಲೊಬ್ಬರು ಎಸೆದು, ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ನೆರೆಯ ಹುಡುಗನೇ ಬಾಗಿಲಲ್ಲಿ ನಿಂತು, "ಆಜೋಬಾ, ಬೆಳಗಾವಿಯ ಕಿಲ್ಲಾ ಕಟ್ಟೋಣ. ಆಡಿಯೇ ತೀರ್ಮಾನವಾಗಲಿ" ಎಂದ. ಮೊಮ್ಮಗ ಒಳಗಿನಿಂದ, "ಆಗಲಿ" ಎಂದ. ನಮ್ಮ ಮನೆಯಾಕೆ ಬೇಡವೆಂದು ಕಣ್ಣಿನಲ್ಲಿಯೇ ಹೇಳಿದಳು. ಆದರೂ ಒಪ್ಪಿದೆ. ನಿಯಮ ಹಳೆಯದೇ: ಕಟ್ಟುವವನು ಒಬ್ಬ, ಪಕ್ಕ ಆರಿಸುವವನು ಇನ್ನೊಬ್ಬ. ಚೀಟಿ ಎತ್ತಿದಾಗ ಕಟ್ಟುವ ಪಾಲು ನಮ್ಮವನಿಗೆ ಬಂತು.

ಕಟ್ಟಲು ಎರಡು ಭಾನುವಾರ ಹಿಡಿಯಿತು. ಬೆಳಗಾವಿಯ ಕೋಟೆ ಬೆಟ್ಟದ ಕೋಟೆಯಲ್ಲ, ನೆಲಗೋಟೆ. ಸುತ್ತ ಅಗಲವಾದ ಕಂದಕವೇ ಅದರ ಬಲ. ಕಂದಕಕ್ಕೆ ನೀಲಿ ಬಳಿದು ಮೇಲೆ ಅಂಟನ್ನು ತೆಳುವಾಗಿ ನಾಲ್ಕು ಸಲ ಹುಯ್ದರೆ, ಒಣಗಿದ ಮೇಲೆ ನೀರಿನಂತೆ ಹೊಳೆಯುತ್ತದೆ. ಅವಸರದಿಂದ ಒಂದೇ ಸಲ ದಪ್ಪವಾಗಿ ಹುಯ್ದರೆ ಒಣಗದೆ ಹಾಲಿನಂತೆ ಬೆಳ್ಳಗೆ ಉಳಿಯುತ್ತದೆ. ಒಂದು ಪದರ ಒಣಗುವವರೆಗೆ ಕಾಯಬೇಕು. ಕಾಯುವಾಗ ಕತೆ. ೧೨೦೪ರಲ್ಲಿ ರಟ್ಟರ ಬೀಚಿರಾಜ ಕಟ್ಟಿಸಿದ್ದು. ಆಮೇಲೆ ಯಾದವರು, ವಿಜಯನಗರದವರು, ಬಹಮನಿಗಳು, ಬಿಜಾಪುರದವರು, ಮೊಗಲರು, ಮರಾಠರು, ನಡುವೆ ಹೈದರ್, ೧೮೧೮ರಲ್ಲಿ ಇಂಗ್ಲಿಷರು. ಒಳಗೆ ಕಮಲ ಬಸದಿ, ದುರ್ಗೆಯ ಗುಡಿ, ಮಸೀದಿ. ನೆರೆಯ ಹುಡುಗ ಕಾಯಲಾರದೆ ತಾನೂ ಕತ್ತರಿ ಹಿಡಿದ. ಬಸದಿಯನ್ನು ಅವನೇ ಬೆಂಕಿಪೊಟ್ಟಣದಲ್ಲಿ ಮಾಡಿದ. ನಮ್ಮವನು ಮೇಜಿನ ಆಚೆ ಹೋಗಿ ಬಗ್ಗಿ ನೋಡುವನು, ಈಚೆ ಬಂದು ಬಗ್ಗಿ ನೋಡುವನು. "ಈ ಕಡೆ ನಿಂತವನಿಗೆ ಅನ್ಯಾಯವಾಗುತ್ತದೆ" ಎಂದು ತಾನೇ ಗೊಣಗಿ, ಕಂದಕದ ಹೊರಗೆ ಒಂದು ದಿಬ್ಬ ಸೇರಿಸಿದ. ಆ ದಿಬ್ಬವನ್ನು ನಾನು ಸುಮ್ಮನೆ ನೋಡುತ್ತ ಕುಳಿತೆ. ಮೂರು ವಾರದ ಹಿಂದೆ ಅದೇ ಬಾಯಿ ಏನು ಆಡಿತ್ತೆಂಬುದು ನನಗೆ ಗೊತ್ತಿತ್ತು.

ಆಟದ ದಿನ ನೆರೆಯ ಹುಡುಗ ಬಹಳ ಹೊತ್ತು ಯೋಚಿಸಿ ಕೋಟೆಯ ಒಳಪಕ್ಕವನ್ನು ಆರಿಸಿದ. ಕಂದಕದ ಬಲ ಅವನಿಗೆ ತಿಳಿದಿತ್ತು. ಹೀಗಾಗಿ ಮರಾಠಿಯ ಹುಡುಗ ಒಳಗಿದ್ದು ಕಾಯುವವನು, ಕನ್ನಡದ ಹುಡುಗ ಹೊರಗಿನಿಂದ ಮುತ್ತುವವನು. ಎರಡು ಗಂಟೆ ಕಾದಾಡಿ ಒಳಗಿನವನು ಗೆದ್ದ. ಗೆದ್ದ ಮೇಲೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಬೆಳಗಾವಿ ಈಗ ಯಾರದಾಯಿತು? ಅದನ್ನು ಕಾದು ಉಳಿಸಿಕೊಟ್ಟವನು ಯಾರು? ಸಂತೋಷಪಡಬೇಕಾದವನು ಯಾರು? ಇಬ್ಬರಿಗೂ ಲೆಕ್ಕ ಸಿಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಚಕ್ಕುಲಿ ಬಂತು. ಆ ಲೆಕ್ಕ ಅಲ್ಲಿಗೇ ನಿಂತಿತು. ಮಾತು ಮಾತ್ರ ಮತ್ತೆ ನಿಲ್ಲಲಿಲ್ಲ.

ರಾಜ್ಯಗಳ ವ್ಯಾಜ್ಯ ಮೇಜಿನ ಮೇಲೆ ತೀರುವಂಥದಲ್ಲ. ಅದಕ್ಕೆ ನ್ಯಾಯ ಹೇಳುವ ಶಕ್ತಿ ನನಗೂ ಇಲ್ಲ. ನಾನು ಕಂಡದ್ದು ಇಷ್ಟು. ತನ್ನ ಕೈಯಾರೆ ನೆಲ ಮಾಡಿದ ಹುಡುಗ, ಆ ನೆಲದ ಎರಡೂ ಕಡೆ ನಿಂತು ನೋಡಿದ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಈ ಅಭ್ಯಾಸ ಬೇಕಾದದ್ದು. ನಮ್ಮ ದುರ್ಗವನ್ನೂ ಮರೆಯಬಾರದು, ಅನ್ನ ಕೊಟ್ಟ ಊರಿನ ಗುಡ್ಡವನ್ನೂ ಅರಿಯದಿರಬಾರದು.

ದೀಪಾವಳಿ, ರಾಜ್ಯೋತ್ಸವಗಳು ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ. ಈ ಸಲ ಸಂಘದ ಸಭಾಂಗಣದ ಒಂದು ಮೂಲೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟರೆ ಹೇಗೆ? ಒಬ್ಬೊಬ್ಬರು ತಮ್ಮ ತಮ್ಮ ಊರಿನ ಕೋಟೆ ಕಟ್ಟಲಿ: ಬಳ್ಳಾರಿಯವರು ಬಳ್ಳಾರಿಯದು, ಬೀದರಿನವರು ಬೀದರಿನದು. ಊರು ನೋಡದ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಕಟ್ಟಲಿ. ಕೇಳಿದ ನೆಪದಲ್ಲಿ ನಾಲ್ಕು ಕನ್ನಡ ಮಾತು ಬರುತ್ತದೆ. ನೆರೆಹೊರೆಯ ಮಕ್ಕಳನ್ನೂ ಕರೆಯಿರಿ, ಕಿಲ್ಲಾ ಕಟ್ಟುವುದರಲ್ಲಿ ಅವರೇ ನಮಗೆ ಗುರುಗಳು. ಹಳೆಯ ಗೋಣಿತಾಟುಗಳನ್ನು ಈಗಿನಿಂದಲೇ ಕೂಡಿಡಿ, ಪೇಟೆಯಲ್ಲಿ ಅವು ಸಿಗುವುದು ಕಡಿಮೆಯಾಗಿದೆ. ಎರೆಮಣ್ಣಿಗೆ ಸಮಪಾಲು ಗರಸು ಸೇರಿಸುವುದನ್ನು ಮರೆಯಬೇಡಿ. ತುಳಸಿಯ ಲಗ್ನ ಮುಗಿದ ಮೇಲೆ ಕೋಟೆ ಕೆಡವಿದ ಮಣ್ಣನ್ನು ಚೆಲ್ಲಬೇಡಿ. ಸಗಣಿ, ಹೊಟ್ಟು, ಸಾಸಿವೆಯ ಬೇರು ಎಲ್ಲ ಸೇರಿದ ಒಳ್ಳೆಯ ಮಣ್ಣು ಅದು. ತುಳಸಿಯ ಕುಂಡಕ್ಕೆ ಹಾಕಿ.